ನಡೆದು ನೀಡುವ ದಾನ

ದಾನ ಮಾಡಬೇಕೆಂದು ಮನಸ್ಸು ಮಾಡಿದವನಿಗೆ ಕೈ ಇದ್ದರೆ ಸಾಕು; ಅವನು ಕಾಲನ್ನೇಕೆ ದಣಿಸಬೇಕು? ಈ ಪ್ರಶ್ನೆ ಮೇಲ್ನೋಟಕ್ಕೆ ವಿನೋದದ್ದೆಂದು ತೋರಿದರೂ ಅದರೊಳಗೆ ಧರ್ಮದ ಒಂದು ಗಂಟು ಇದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಹುಟ್ಟಿದ್ದು ನಮ್ಮ ನಡುವೆಯೇ. ಗಡಿಭಾಗದ ನಮ್ಮ ಕೆಲವು ತರುಣರು ಅಕ್ಕಲಕೋಟೆಯಿಂದ ಹೊರಟು ವಳಸಂಗ, ಸೊಲ್ಲಾಪುರ, ವೈರಾಗ ಮಾರ್ಗವಾಗಿ ಬಾರ್ಶಿಯವರೆಗೆ, ಸುಮಾರು 110 ಕಿಲೋಮೀಟರ್, ಕಾಲ್ನಡಿಗೆಯಲ್ಲಿ ಹೋಗುವುದೆಂದೂ, ಆ ನಿಮಿತ್ತ ಕೂಡಿದ ಹಣವನ್ನು ಕ್ಯಾನ್ಸರ್‌ಪೀಡಿತ ಮಕ್ಕಳ ಕುಟುಂಬಗಳಿಗೆ ಸಲ್ಲಿಸುವುದೆಂದೂ ಒಂದು ಯೋಜನೆ ಮಾಡಿದರು. ಹಿರಿಯರ ಮುಂದೆ ಅದನ್ನಿಟ್ಟಾಗ ಒಬ್ಬರು, "ಬಸ್ಸಿಗೆ ಹೋಗಿ ಹಣ ಕೊಟ್ಟು ಬನ್ನಿರಪ್ಪ, ಐದು ದಿನದ ದುಡಿಮೆಯೂ ಉಳಿಯುತ್ತದೆ, ಆ ದುಡಿಮೆಯನ್ನೂ ಮಕ್ಕಳಿಗೇ ಕೊಡಬಹುದು" ಎಂದರು. ಅವರು ಜಿಪುಣರಲ್ಲ, ಊರಿನ ಎಷ್ಟೋ ಒಳ್ಳೆಯ ಕೆಲಸಗಳ ಹಿಂದೆ ಹೆಸರಿಲ್ಲದೆ ನಿಂತವರು. ಅವರ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಸಭೆಯಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು ಇನ್ನೂ ಹರಿತವಾದ ಮಾತನ್ನಾಡಿದರು: "ಆ ಕೂಸುಗಳ ಬ್ಯಾನಿ ಮುಂದ ನಿಮ್ಮ ಕಾಲಾಗಿನ ಗುಳ್ಳಿ ಏನು ಲೆಕ್ಕ?"

ಈ ಎರಡನೆಯ ಮಾತು ನನ್ನನ್ನು ಹಲವು ದಿನ ಬಿಡಲಿಲ್ಲ.

ಇಂಥ ನಡಿಗೆ ಲೋಕಕ್ಕೆ ಹೊಸದಲ್ಲ. ಇಂಗ್ಲೆಂಡಿನ ಕ್ರಿಕೆಟ್ ಆಟಗಾರ ಇಯಾನ್ ಬೋಥಮ್ ಅವರ ಹೆಸರು ನಮ್ಮ ವಯಸ್ಸಿನವರಿಗೆ ಚೆನ್ನಾಗಿ ನೆನಪಿದೆ. 1977ರಲ್ಲಿ ಕಾಲಿನ ಗಾಯಕ್ಕೆ ಚಿಕಿತ್ಸೆ ಪಡೆಯಲು ಅವರು ಟಾಂಟನ್ ಪಟ್ಟಣದ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಮಕ್ಕಳ ವಾರ್ಡನ್ನು ಹಾದುಹೋಗುವಾಗ, ಆಡಿಕೊಂಡಿದ್ದ ಕೆಲವು ಮಕ್ಕಳನ್ನು ಕಂಡರು. ಅವರಿಗೆ ರಕ್ತದ ಕ್ಯಾನ್ಸರ್ ಇದೆಯೆಂದೂ, ಅವರಲ್ಲಿ ಕೆಲವರು ಹೆಚ್ಚು ಕಾಲ ಬದುಕಲಾರರೆಂದೂ ತಿಳಿಯಿತು. ಎಂಟು ವರ್ಷಗಳ ತರುವಾಯ, 1985ರಲ್ಲಿ, ಬ್ರಿಟನ್ನಿನ ಉತ್ತರದ ತುದಿಯಾದ ಜಾನ್ ಓ ಗ್ರೋಟ್ಸ್‌ನಿಂದ ನೈರುತ್ಯದ ತುದಿಯಾದ ಲ್ಯಾಂಡ್ಸ್ ಎಂಡ್‌ವರೆಗೆ ಅವರು ನಡೆದರು. ಸುಮಾರು 1400 ಕಿಲೋಮೀಟರ್ ದಾರಿ. ಹಣ ಹೋದದ್ದು ರಕ್ತದ ಕ್ಯಾನ್ಸರಿನ ಸಂಶೋಧನೆಗೆ. ಮುಂದೆ ಅವರು ಇಂಥ ನಡಿಗೆಗಳನ್ನು ಹಲವು ಬಾರಿ ಕೈಗೊಂಡರು. 1988ರಲ್ಲಿ ಹ್ಯಾನಿಬಲ್ಲನ ದಾರಿ ಹಿಡಿದು ಆನೆಗಳೊಂದಿಗೆ ಆಲ್ಪ್ಸ್ ಪರ್ವತ ದಾಟಿದ್ದೂ ಉಂಟು. ಆನೆಗಳ ಪ್ರಸಂಗ ನನಗೆ ಹಿಡಿಸಿದ್ದಲ್ಲ. ಪರೋಪಕಾರಕ್ಕೆ ಹೊರಟವನು ಬಾಯಿಲ್ಲದ ಪ್ರಾಣಿಯನ್ನು ಪರೋಪಕಾರಿಯನ್ನಾಗಿ ಮಾಡಬಾರದು. ಆದರೆ ಆ ಮನುಷ್ಯ ಒಮ್ಮೆ ಕಂಡ ಮಕ್ಕಳನ್ನು ದಶಕಗಳ ಕಾಲ ಮರೆಯಲಿಲ್ಲ ಎಂಬುದಕ್ಕೆ ನಾನು ತಲೆಬಾಗುತ್ತೇನೆ.

ಅವರಿಗಿಂತ ಮೊದಲು ಕೆನಡಾ ದೇಶದಲ್ಲಿ ಟೆರಿ ಫಾಕ್ಸ್ ಎಂಬ ಹುಡುಗನಿದ್ದ. ಮೂಳೆಯ ಕ್ಯಾನ್ಸರಿನಿಂದಾಗಿ 1977ರಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ತನ್ನ ಸುತ್ತಲಿದ್ದ ರೋಗಿಗಳ ಯಾತನೆ ಅವನ ಮನಸ್ಸನ್ನು ಕಲಕಿತು. 1980ರ ಏಪ್ರಿಲ್ 12ರಂದು ದೇಶದ ಪೂರ್ವ ಕರಾವಳಿಯಿಂದ ಕೃತಕ ಕಾಲಿನಲ್ಲಿ ಓಡತೊಡಗಿದ. ದಿನಕ್ಕೆ ಹೆಚ್ಚು ಕಡಿಮೆ ಒಂದು ಮ್ಯಾರಥಾನಿನಷ್ಟು ದೂರ. 143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಸಮೀಪ ನಿಲ್ಲಬೇಕಾಯಿತು. ರೋಗ ಶ್ವಾಸಕೋಶಕ್ಕೆ ಹಬ್ಬಿತ್ತು. ಮರುವರ್ಷ ಜೂನಿನಲ್ಲಿ, ಇನ್ನೂ ಇಪ್ಪತ್ತೆರಡು ವರ್ಷದವನಿರುವಾಗ, ತೀರಿಕೊಂಡ. ಅಷ್ಟರೊಳಗೆ ದೇಶದ ಪ್ರತಿ ಪ್ರಜೆಯಿಂದ ಒಂದೊಂದು ಡಾಲರ್ ಎಂಬ ಅವನ ಆಸೆ ಕೈಗೂಡಿ, 2 ಕೋಟಿ 40 ಲಕ್ಷ ಡಾಲರಿಗೂ ಮಿಕ್ಕಿ ಹಣ ಸೇರಿತ್ತು. ತನ್ನ ಓಟದಿಂದ ಯಾವ ಕಂಪನಿಯೂ ಲಾಭ ಮಾಡಿಕೊಳ್ಳಕೂಡದೆಂದು ಅವನು ಹಟ ಹಿಡಿದಿದ್ದನ್ನು ವಿಶೇಷವಾಗಿ ಗಮನಿಸಬೇಕು.

ಟೆರಿ ಫಾಕ್ಸನ ವಿಷಯದಲ್ಲಿ ಆ ಹೆಣ್ಣುಮಗಳ ಪ್ರಶ್ನೆ ಏಳುವುದೇ ಇಲ್ಲ. ಅವನ ನೋವು ರೋಗಿಯ ನೋವೇ. ಆದರೆ ಬೋಥಮ್ ಗಟ್ಟಿಮುಟ್ಟಾದ ಆಳು. ನಮ್ಮ ತರುಣರೂ ಹಾಗೆಯೇ. ಅವರಿಗೆ ಬೇಕೆಂದಾಗ ನಿಲ್ಲುವ ಸ್ವಾತಂತ್ರ್ಯವಿದೆ. ಬೆನ್ನಹುರಿಗೆ ಸೂಜಿ ಚುಚ್ಚಿಸಿಕೊಳ್ಳುವ ಐದು ವರ್ಷದ ಮಗುವಿಗೆ ಅದಿಲ್ಲ. ಆಯ್ದುಕೊಂಡ ನೋವು ಮತ್ತು ಮೇಲೆರಗಿದ ನೋವು ಒಂದೇ ಜಾತಿಯವಲ್ಲ. ಆದ್ದರಿಂದ "ಮಕ್ಕಳ ನೋವನ್ನು ಹಂಚಿಕೊಳ್ಳಲು ನಡೆಯುತ್ತಿದ್ದೇವೆ" ಎಂಬ ಘೋಷಣೆಯನ್ನು ಯಾರಾದರೂ ಬರೆದರೆ ಅದನ್ನು ಅಳಿಸಬೇಕೆಂಬುದು ನನ್ನ ಅಭಿಪ್ರಾಯ. ನೋವು ರೊಟ್ಟಿಯಲ್ಲ, ಮುರಿದು ಹಂಚಿಕೊಳ್ಳುವುದಕ್ಕೆ. ನಮ್ಮ ಕಾಲು ಬಾತುಕೊಂಡರೆ ಯಾವ ಮಗುವಿನ ಜ್ವರವೂ ಇಳಿಯುವುದಿಲ್ಲ.

ಹಾಗಾದರೆ ಇದು ಹರಕೆಯೇ? ನಡೆಯುವುದು ನಮ್ಮ ಸೀಮೆಯ ರಕ್ತದಲ್ಲಿಯೇ ಇದೆ. ಆಷಾಢದಲ್ಲಿ ವಾರಕರಿಗಳು ಆಳಂದಿಯಿಂದ ಪಂಢರಪುರದವರೆಗೆ ಸುಮಾರು 250 ಕಿಲೋಮೀಟರ್ ನಡೆಯುತ್ತಾರೆ. ಜ್ಞಾನೇಶ್ವರರು ಕನ್ನಡಿಗನೆಂದು ಕರೆದ ವಿಠ್ಠಲನನ್ನು ಕಾಣಲು ಕನ್ನಡದ ಹಳ್ಳಿಗಳಿಂದಲೂ ದಿಂಡಿಗಳು ಹೋಗುತ್ತವೆ. ಕೋಜಾಗರಿ ಹುಣ್ಣಿವೆಗೆ ಸೊಲ್ಲಾಪುರದಿಂದ ತುಳಜಾಪುರದ ರಸ್ತೆಯುದ್ದಕ್ಕೂ ಜನವೇ ಜನ. ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಟವರಿಗೆ ದಾರಿಯ ಊರುಗಳವರು ಕಾದು ನಿಂತು ದಾಸೋಹ ನಡೆಸುತ್ತಾರೆ. ಈ ಜನರ ನಡುವೆ ಎಷ್ಟೋ ತಾಯಂದಿರು ಮಗುವಿನ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತವರೇ. ಆ ತಾಯಿಯ ಮತ್ತು ದೇವರ ನಡುವೆ ನಡೆದ ಮಾತು ಅವರಿಬ್ಬರದೇ. ಅದನ್ನು ತೂಗಿ ನೋಡುವ ಅಧಿಕಾರ ನನಗಿಲ್ಲ. ಆದರೆ ನಿಧಿಗಾಗಿ ನಡೆಯುವವನ ಎದುರಿಗೆ ದೇವರಿಲ್ಲ, ಮನುಷ್ಯರಿದ್ದಾರೆ. ಅವನ ನಡಿಗೆಯನ್ನು ನೋಡಿ ಜೇಬು ಬಿಚ್ಚುವವನು ಮೂರನೆಯವನು. ಮಗು, ನಡೆಯುವವನು, ಕೊಡುವವನು ಎಂಬ ಈ ಮೂವರ ಸಂಬಂಧವೇ ವಿಚಿತ್ರ. ಕೊಡುವವನು ಮಗುವನ್ನು ಕಂಡಿಲ್ಲ. ಅವನು ಕೊಡುತ್ತಿರುವುದು ನಡೆಯುವ ತನ್ನ ಗೆಳೆಯನ ಮುಖ ನೋಡಿ.

ಇದೇ ಕಾರಣಕ್ಕೆ ಕೆಲವರು ಇದನ್ನು ಕೀಳುಗಳೆಯುತ್ತಾರೆ. ದಾನವೆಂದರೆ ಪಾತ್ರವನ್ನು ನೋಡಿ ಕೊಡುವುದು, ದಾಕ್ಷಿಣ್ಯಕ್ಕೆ ಕೊಟ್ಟದ್ದು ದಾನವೇ ಅಲ್ಲ ಎನ್ನುತ್ತಾರೆ. ನಾನು ಇಷ್ಟು ಬಿಗಿಯಾಗಿ ಹೇಳಲಾರೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಎಂಬ ಪದ್ಧತಿ ಇದೆಯಲ್ಲವೇ? ಇಂದು ನೀನು, ನಾಳೆ ನಾನು. ಶುದ್ಧ ದಾನದ ತಕ್ಕಡಿಯಲ್ಲಿ ಅದು ನಿಲ್ಲಲಾರದು. ಆದರೂ ಎಷ್ಟು ಬಡವರ ಮನೆಯ ಮದುವೆಗಳು ಆ ಮುಯ್ಯಿಯಿಂದ ದಾಟಿ ಹೋಗಿವೆ! ಕಾಣದ ಮಗುವಿಗಾಗಿ ಕರಗುವ ಮನಸ್ಸು ಎಲ್ಲರಲ್ಲೂ ಎಲ್ಲ ಹೊತ್ತೂ ಇರುವುದಿಲ್ಲ. ಕಂಡ ಗೆಳೆಯನಿಗಾಗಿ ಸೋಲುವ ಮನಸ್ಸು ಬಹುಮಂದಿಯಲ್ಲಿದೆ. ಈ ಎರಡನೆಯದನ್ನು ಮೊದಲನೆಯದರ ಬಾಗಿಲಿಗೆ ಕರೆದುಕೊಂಡು ಹೋಗುವವನು ಸುಳ್ಳು ಹೇಳುತ್ತಿಲ್ಲ, ದಾರಿ ತೋರಿಸುತ್ತಿದ್ದಾನೆ. ಹಾಗೆ ಕೊಟ್ಟವರು ನಾಳೆ ಆ ಮಗುವಿನ ಹೆಸರನ್ನು ಕೇಳಿಯಾರು.

ಇಷ್ಟಾದರೂ ಬಸ್ಸಿನ ಲೆಕ್ಕ ಹೇಳಿದ ಹಿರಿಯರಿಗೆ ಉತ್ತರ ಸಿಕ್ಕಂತಾಗಲಿಲ್ಲ. ಅದಕ್ಕಾಗಿ ಹಣ ಯಾತಕ್ಕೆ ಬೇಕು ಎಂಬುದನ್ನು ವಿಚಾರಿಸಬೇಕು.

ಮಕ್ಕಳ ಕ್ಯಾನ್ಸರ್ ಎಂದೊಡನೆ ನಮ್ಮ ಜನ ಕೈಚೆಲ್ಲುತ್ತಾರೆ. ಇದು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಈ ರೋಗಕ್ಕೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಅವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣ ಹೊಂದುತ್ತಾರೆ. ಬಡ ದೇಶಗಳಲ್ಲಿ 30ಕ್ಕಿಂತ ಕಡಿಮೆ. ಔಷಧಿ ಬೇರೆಯಲ್ಲ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ 1960ರ ದಶಕದಿಂದ ಕೊಡುತ್ತ ಬಂದಿರುವ ವಿನ್‌ಕ್ರಿಸ್ಟೀನ್ ಎಂಬ ಔಷಧಿ ದೊರೆತದ್ದು ನಿತ್ಯಪುಷ್ಪದ ಗಿಡದಿಂದ. ಮರಾಠಿಯಲ್ಲಿ ಸದಾಫುಲಿ ಎನ್ನುತ್ತಾರೆ; ನಮ್ಮ ಅಂಗಳಗಳಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ಗಿಡ. ಅಂಗಳದಲ್ಲಿ ಗಿಡವಿದೆ, ಆಸ್ಪತ್ರೆಯಲ್ಲಿ ಔಷಧಿಯಿದೆ, ಆದರೂ ಮಗು ಉಳಿಯುವುದಿಲ್ಲ. ಏಕೆ? ರೋಗ ತಡವಾಗಿ ತಿಳಿಯುತ್ತದೆ. ತಿಳಿದ ಮೇಲೂ ಎಷ್ಟೋ ಕುಟುಂಬಗಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಮರಳುತ್ತವೆ.

ನಾನು ಸೇವೆಯಲ್ಲಿದ್ದ ಕಾಲದ ಒಂದು ಸಂಗತಿಯನ್ನು ಹೇಳಬೇಕು. ಆರನೆಯ ಇಯತ್ತೆಯ ಹುಡುಗನೊಬ್ಬನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ತಂದೆ ಪರರ ಹೊಲದಲ್ಲಿ ದುಡಿಯುವವನು. ಶಿಕ್ಷಕರೆಲ್ಲ ಕೂಡಿ, ಊರವರಿಂದಲೂ ಎತ್ತಿ, ಔಷಧಿಗೆ ಬೇಕಾದ ಹಣ ಕೊಟ್ಟೆವು. ತಂದೆತಾಯಿ ಇಬ್ಬರೂ ಅವನನ್ನು ಮುಂಬಯಿಗೆ ಕರೆದೊಯ್ದರು. ಈ ಬಗೆಯ ರೋಗದ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಆದರೆ ಮೊದಲ ತಿಂಗಳಲ್ಲಿಯೇ ಜ್ವರ ಇಳಿದು ಮುಖಕ್ಕೆ ಕಳೆ ಬರುವುದುಂಟು. ರೋಗ ಅಡಗಿರುತ್ತದೆ, ಅಳಿದಿರುವುದಿಲ್ಲ. ಎರಡು ತಿಂಗಳಿಗೆ ಅವರು ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ನಾನು ಮನೆಗೆ ಹೋಗಿ ಕೇಳಿದಾಗ ತಂದೆ ಹೇಳಿದ ಮಾತು ಇದು: "ಮಾಸ್ತರ್ರ, ಔಷಧದ ರೊಕ್ಕ ನೀವು ಕೂಡಿಸಿ ಕೊಟ್ರಿ, ಖರೆ. ಮುಂಬೈದಾಗ ಮಲಗೂದು ಎಲ್ಲಿ? ಫುಟ್‌ಪಾತಿನ ಮ್ಯಾಲ ಹದಿನೆಂಟು ದಿನ ಮಲಗೇವಿ. ಮನ್ಯಾಗ ಇನ್ನಿಬ್ಬರು ಹುಡುಗೂರು ಅದಾವ, ಅವಕ್ಕ ರೊಟ್ಟಿ ಬಡಿಯೋರು ಯಾರು? ಅಲ್ಲಿ ಡಾಕ್ಟರು ಹೇಳಿದ್ದು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಹುಡುಗಗ ಈಗ ಜ್ವರ ಇಲ್ಲ, ಆಡಾಕತ್ಯಾನ." ಹುಡುಗ ನಿಜಕ್ಕೂ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ಮುಂದಿನ ಯುಗಾದಿಯನ್ನು ಅವನು ಕಾಣಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಗೆರೆ ಎಳೆಯುವಾಗ ವರ್ಗಶಿಕ್ಷಕರು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದರು.

ಆ ತಂದೆಯ ಮಾತಿನಲ್ಲಿ ಪ್ರೀತಿಯ ಕೊರತೆ ಎಲ್ಲಿದೆ? ಅವನು ಲೆಕ್ಕ ಹಾಕಿದ್ದು ಮೂವರು ಮಕ್ಕಳ ಬಾಳನ್ನು. ಇಂದು ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಇದೆ, 2018ರಿಂದ ಆಯುಷ್ಮಾನ್ ಭಾರತ ಇದೆ. ಚಿಕಿತ್ಸೆಯ ವೆಚ್ಚದ ದೊಡ್ಡ ಪಾಲನ್ನು ಸರಕಾರ ಹೊರುತ್ತದೆ. ಹೊರಲೇಬೇಕು, ದೇಣಿಗೆಯ ನಡಿಗೆ ಸರಕಾರದ ಹೊಣೆಗೆ ಬದಲಿಯಲ್ಲ. ಆದರೆ ಯಾವ ಕಾರ್ಡಿನಲ್ಲಿಯೂ ಮಲಗುವ ಜಾಗ ಬರೆದಿರುವುದಿಲ್ಲ, ಮನೆಯಲ್ಲಿ ಉಳಿದ ಮಕ್ಕಳ ರೊಟ್ಟಿ ಬರೆದಿರುವುದಿಲ್ಲ, ನಿಂತುಹೋದ ಕೂಲಿ ಬರೆದಿರುವುದಿಲ್ಲ. ಚಿಕ್ಕ ಹಣ ದೊಡ್ಡ ಕೆಲಸ ಮಾಡುವ ಜಾಗ ಇದೇ.

ಇಲ್ಲಿ ನನಗೆ ನೆನಪಾಗುವವರು ಸಂತ ಗಾಡಗೇ ಬಾಬಾ. 1876ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ಈ ಪುಣ್ಯಪುರುಷ ಕೈಯಲ್ಲೊಂದು ಕಸಬರಿಗೆ, ಇನ್ನೊಂದು ಮಣ್ಣಿನ ಗಡಿಗೆ ಹಿಡಿದು ಮಹಾರಾಷ್ಟ್ರದ ಊರೂರು ನಡೆದರು. ಊರು ಹೊಕ್ಕೊಡನೆ ಮೊದಲು ಬೀದಿ ಗುಡಿಸುವುದು, ಗಟಾರ ಸ್ವಚ್ಛ ಮಾಡುವುದು. ಆಮೇಲೆ ರಾತ್ರಿ ಕೀರ್ತನೆ. ಜನ ಕೊಟ್ಟ ಹಣದಿಂದ ಧರ್ಮಶಾಲೆಗಳನ್ನೂ ಶಾಲೆಗಳನ್ನೂ ಕಟ್ಟಿಸಿದರು, ತಮಗಾಗಿ ಏನನ್ನೂ ಇಟ್ಟುಕೊಳ್ಳಲಿಲ್ಲ. ಮುಂಬಯಿಯ ದಾದರಿನಲ್ಲಿ ಅವರ ಹೆಸರಿನ ಧರ್ಮಶಾಲೆಯಿದೆ. ಪರಳದ ಟಾಟಾ ಸ್ಮಾರಕ ಆಸ್ಪತ್ರೆಗೆ ಬರುವ ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ಅದು ನೆರಳಾಗಿದೆ. ಕ್ಯಾನ್ಸರ್‌ಪೀಡಿತ ಮಕ್ಕಳ ಕುಟುಂಬಗಳಿಗೆಂದೇ ಉಚಿತವಾಗಿ ವಸತಿ ಕೊಡುವ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆಯೂ 2006ರಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿದೆ. ನಡೆದ ಮನುಷ್ಯನೊಬ್ಬನ ಹೆಸರಿನಲ್ಲಿ ನಡೆಯಲಾರದವರಿಗೆ ಮಲಗುವ ಜಾಗ ಸಿಕ್ಕಿತು. ಬಾಬಾ ಮೋಟಾರಿನಲ್ಲಿ ಹೋಗಿ ಹಣ ಎತ್ತಿದ್ದರೆ ಇದಾಗುತ್ತಿರಲಿಲ್ಲವೇ? ಆಗುತ್ತಿತ್ತೋ ಏನೋ. ಆದರೆ ಅವರು ಬೀದಿ ಗುಡಿಸಿದ್ದನ್ನು ಜನ ಕಣ್ಣಾರೆ ಕಂಡಿದ್ದರು, ಆದ್ದರಿಂದಲೇ ಅವರ ಕೈಯಲ್ಲಿ ಹಣ ಇಡಲು ಹಿಂಜರಿಯಲಿಲ್ಲ ಎಂದು ನನಗನ್ನಿಸುತ್ತದೆ. ನಡಿಗೆ ಅವರಿಗೆ ಹಣ ಕೂಡಿಸುವ ಉಪಾಯವಾಗಿರಲಿಲ್ಲ. ಅವರ ಕೆಲಸವಿದ್ದದ್ದೇ ದಾರಿಯಲ್ಲಿ.

ಬಾರ್ಶಿಯ ಉದಾಹರಣೆ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಅಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿದೆ. 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾದದ್ದು ಬಾರ್ಶಿಯಲ್ಲಿ. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 300ಕ್ಕೂ ಹೆಚ್ಚು ಹಳ್ಳಿಗಳಿಗೆ ಅದರ ಕಾರ್ಯಕರ್ತರು ಹೋಗಿ, ಯಾರಿಗೆ ಯಾವ ಬಾಧೆಯಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಕೇಳಲು ಹೋದವರು ಕಟ್ಟೆಯ ಮೇಲೆ ಕುಳಿತು ರೋಗದ ಲಕ್ಷಣಗಳನ್ನೂ ಹೇಳುತ್ತಿದ್ದರು. ಬರಬರುತ್ತ ಆ ಹಳ್ಳಿಗಳ ರೋಗಿಗಳು ರೋಗ ಬಲಿಯುವ ಮೊದಲೇ ಆಸ್ಪತ್ರೆಗೆ ಬರತೊಡಗಿದರು. ಹೊಸ ಯಂತ್ರವೇನೂ ಅದಕ್ಕೆ ಬೇಕಾಗಲಿಲ್ಲ. ಮನುಷ್ಯರು ಮನೆಬಾಗಿಲಿಗೆ ಹೋಗಿ ಮಾತನಾಡಿದರು, ಅಷ್ಟೇ.

ಹಿರಿಯರ ಲೆಕ್ಕಕ್ಕೆ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ. ಬಸ್ಸು ಹಣವನ್ನು ಮುಟ್ಟಿಸುತ್ತದೆ, ಆದರೆ ವಳಸಂಗದ ಕಟ್ಟೆಯ ಮೇಲೆ ನಿಲ್ಲುವುದಿಲ್ಲ. ಕಾಲ್ನಡಿಗೆಯವನು ನಿಲ್ಲಲೇಬೇಕು, ನೀರು ಕೇಳಲೇಬೇಕು, ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆ ಉತ್ತರ ಹೇಳಲೇಬೇಕು. ಆ ಉತ್ತರ ನಿಧಿಯ ಮಾತಾಗದೆ ಇಷ್ಟಾಗಲಿ: ವಾರಗಟ್ಟಲೆ ಬಿಡದ ಜ್ವರ, ಮಗು ಬಿಳುಚಿಕೊಳ್ಳುವುದು, ಪೆಟ್ಟಾಗದೆ ಮೈಮೇಲೆ ನೀಲಿ ಕಲೆಗಳು, ಕತ್ತಿನಲ್ಲೋ ಹೊಟ್ಟೆಯಲ್ಲೋ ಗಡ್ಡೆ, ರಾತ್ರಿ ಎಬ್ಬಿಸುವ ಮೂಳೆನೋವು, ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು ಇವುಗಳಲ್ಲಿ ಯಾವುದನ್ನು ಕಂಡರೂ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ದವಾಖಾನೆಗೆ ಹೋಗಿ. ಇವೆಲ್ಲ ಬೇರೆ ಸಣ್ಣ ಕಾಯಿಲೆಗಳಿಂದಲೂ ಬರಬಹುದು, ಗಾಬರಿ ಬೇಡ, ತೋರಿಸುವುದರಿಂದ ಕಳೆದುಕೊಳ್ಳುವುದೇನಿದೆ? ಚಿಕಿತ್ಸೆ ಆರಂಭಿಸಿದ ಮೇಲೆ ಮಗು ಆಡತೊಡಗಿದರೂ ಡಾಕ್ಟರು ಮುಗಿಯಿತೆನ್ನುವವರೆಗೆ ಬಿಡಬೇಡಿ.

ತರುಣರಿಗೆ ನಾನು ಕೆಲವು ನಿರ್ಬಂಧಗಳನ್ನು ಸೂಚಿಸಿದ್ದೇನೆ. ಹಳೆಯ ಮಾಸ್ತರನಿಗೆ ನಿಯಮ ಹಾಕುವ ಚಟ ಸುಲಭವಾಗಿ ಹೋಗುವುದಿಲ್ಲ. ಕೂದಲುದುರಿದ ಯಾವ ಮಗುವಿನ ಚಿತ್ರವೂ ನಮ್ಮ ಫಲಕದ ಮೇಲೆ ಬರಕೂಡದು. ಆ ಮಗು ನಾಳೆ ಗುಣವಾಗಿ ಶಾಲೆಗೆ ಹೋದಾಗ ತನ್ನ ಸಂಕಟದ ಚಿತ್ರ ಊರ ಗೋಡೆಯ ಮೇಲಿರುವುದನ್ನು ಬಯಸಲಾರದು. ನಡೆಯುವವರ ಅನ್ನ, ಅಂಗಿ, ಜೊತೆಗೆ ಬರುವ ಗಾಡಿಯ ಡೀಸೆಲ್ ಇವುಗಳ ಖರ್ಚನ್ನು ನಡೆಯುವವರೇ ಹೊರಬೇಕು. ಮಕ್ಕಳಿಗೆಂದು ಬಂದ ಹಣದಿಂದ ಒಂದು ಚಹಾ ಕೂಡ ಕುಡಿಯಬಾರದು. ಕಾಲು ಸೋತವನು ಯಾವ ನಾಚಿಕೆಯೂ ಇಲ್ಲದೆ ಬಸ್ಸು ಹತ್ತಲಿ. ದಾರಿ ಪೂರ್ತಿ ನಡೆದವನಿಗೆ ಹಾರ, ನಡುವೆ ಇಳಿದವನಿಗೆ ಮೌನ ಎಂದಾದರೆ ಆಗ ಅದು ಪಂದ್ಯ. ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ.

ಕಾಲಿನ ಗುಳ್ಳೆಯ ಮಾತಾಡಿದ ಆ ತಾಯಿಗೆ ನಾನು ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ. "ನಡೀರಿ ಬೇಕಾದ್ರ, ಆದ್ರ ಬ್ಯಾನಿ ಅಂತ ಹೇಳಿಕೋಬ್ಯಾಡ್ರಿ" ಎಂದರು. ಹಿರಿಯರು ತಮ್ಮ ಲೆಕ್ಕವನ್ನು ಹಿಂತೆಗೆದುಕೊಂಡಿಲ್ಲ. ಆದರೂ ವಳಸಂಗದಲ್ಲಿ ಮೊದಲ ದಿನದ ಮಧ್ಯಾಹ್ನದ ರೊಟ್ಟಿ, ಶೇಂಗಾ ಚಟ್ನಿ ತಮ್ಮದೆಂದು ಹೇಳಿ ಕಳಿಸಿದ್ದಾರೆ. ಸಂಕ್ರಾಂತಿಯ ಗಡ್ಡಾ ಜಾತ್ರೆ ಮುಗಿದು, ಬಿಸಿಲು ಏರುವುದಕ್ಕೆ ಮೊದಲು ಹೊರಡುವುದೆಂದು ಗೊತ್ತಾಗಿದೆ. ನನ್ನ ಮೊಣಕಾಲುಗಳು ಎಲ್ಲಿಯವರೆಗೆ ಒಪ್ಪುತ್ತವೆಯೋ ಅಲ್ಲಿಯವರೆಗೆ ನಾನೂ ಬರುತ್ತೇನೆ.

ರೋಗದ ಲಕ್ಷಣಗಳನ್ನು ಹೇಳುವ ಕರಪತ್ರವನ್ನು ಕನ್ನಡದಲ್ಲಿ ನಾನು ಬರೆದು, ವೈದ್ಯರೊಬ್ಬರಿಗೆ ತೋರಿಸಿ ತಿದ್ದಿಸಿದ್ದೇನೆ. ಸೊಲ್ಲಾಪುರದಿಂದ ಮುಂದಿನ ಊರುಗಳಿಗಾಗಿ ಮರಾಠಿ ಶಾಲೆಯ ಮಿತ್ರರೊಬ್ಬರು ಅದನ್ನು ಮರಾಠಿಯಲ್ಲಿ ಬರೆದುಕೊಟ್ಟಿದ್ದಾರೆ. ಕನ್ನಡದ ಕರಪತ್ರದ ಕೆಳಗೆ ಒಂದು ಜಾಗ ಮಾತ್ರ ಇನ್ನೂ ಖಾಲಿ ಇದೆ. ಮುಂಬಯಿಗೆ ಹೋದ ನಮ್ಮ ಹಳ್ಳಿಯ ತಾಯಿಯೊಬ್ಬಳು ಡಾಕ್ಟರು ಹೇಳಿದ್ದು ತಿಳಿಯದೆ ನಿಂತಾಗ, ಬಂದು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ತಿಳಿಸಿ ಹೇಳಬಲ್ಲವರ ಹೆಸರುಗಳಿಗಾಗಿ ಆ ಜಾಗ. ಈ ಸಂಚಿಕೆಯನ್ನು ಓದುವವರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಷ್ಟೋ ಜನ ದಾದರ, ಪರಳ, ಮಾಟುಂಗಾ, ವಡಾಳಾ ಕಡೆಗೆ ಇದ್ದಾರೆ. ವಾರಕ್ಕೊಂದು ಮುಂಜಾನೆ ಬಿಡುವಾಗುವವರು ಸಂಘದ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬಹುದು. ಇದುವರೆಗೆ ಮೂವರು ಬರೆಸಿದ್ದಾರೆ.